ಪೀರಾ ಬಡಿದ ಕಲ್ಲು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶ್ರುತಿ ಮಾಡಿದ್ದನ್ನು ನಾನು ಮರೆತಿಲ್ಲ, ಮರೆಯುವವಳೂ ಅಲ್ಲ. ಹೋಗಲಿ ಬಿಡು ಎಂದು ಸಮಾಧಾನ ಹೇಳಲು ಬಂದವರಿಗೆಲ್ಲ ಚಹಾ ಕುಡಿಸಿ ಬಂದ ದಾರಿಯಲ್ಲೇ ಕಳಿಸಿದ್ದೇನೆ. ಐದು ವರ್ಷ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವಳು, ನಮ್ಮ ಒಲೆಯ ಮುಂದೆ ಕುಳಿತು ನಮ್ಮ ಆಯಿಯ ಕೈಯಿಂದ ಬಿಸಿ ರೊಟ್ಟಿ ಹಾಕಿಸಿಕೊಂಡು ತಿಂದವಳು, ಕೊನೆಗೆ ಆ ಆಯಿಯನ್ನೇ ಸಾವಿರಾರು ಜನ ಕೇಳುವ ಹಾಗೆ ಮಕ್ಕಳ ಕಳ್ಳಿ ಮಾಡಿದಳು. ಅಜ್ಜಿಗೆ ನಾವು ಇಲ್ಲಿ ಆಯಿ ಅನ್ನುತ್ತೇವೆ. ಆ ಪದ ಬಾಯಲ್ಲಿ ಇಟ್ಟುಕೊಂಡೇ ಈ ಕೆಲಸ ಮಾಡಿದ್ದಾಳೆ ಅವಳು.

ನಾನು ರಾಧಿಕಾ, ಶಹಾಬಾದಿನವಳು. ವಾಡಿಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ವಿಜ್ಞಾನ ಕಲಿಸುತ್ತೇನೆ. ಶ್ರುತಿ ವಾಡಿಯವಳು, ಅವಳ ಅಪ್ಪ ರೈಲ್ವೆಯಲ್ಲಿದ್ದಾರೆ, ಮನೆ ಹಳಿಗಳ ಪಕ್ಕದಲ್ಲೇ. ಡಿಗ್ರಿ ಓದಲು ಕಲಬುರಗಿಗೆ ಹೋಗುವಾಗ ಪ್ಯಾಸೆಂಜರ್ ಗಾಡಿಯಲ್ಲಿ ಪರಿಚಯವಾಯಿತು. ನನಗೆ ಬರೆಯುವ ಹುಚ್ಚು, ಅವಳಿಗೆ ದನಿ. ಎಂಥ ದನಿ ಅಂತೀರಿ! ಕೊತ್ತಂಬರಿ ಕಟ್ಟಿನ ರೇಟು ಕೇಳಿದರೂ ಸಂತೆಯವರು ತಿರುಗಿ ನೋಡುತ್ತಿದ್ದರು. ಮೂರು ವರ್ಷದ ಹಿಂದೆ, ಕಥೆ ಕೇಳಿಸುವ ಒಂದು ಆ್ಯಪ್‌ನಲ್ಲಿ ಇಬ್ಬರೂ ಸೇರಿ ಧಾರಾವಾಹಿ ಶುರು ಮಾಡಿದೆವು. ನಾನು ಬರೆಯುವುದು, ಅವಳು ಓದುವುದು. ಹೆಸರು ‘ಬಿಳಿಚಂದ್ರದ ಪೀರಾ’.

ಕಥೆ ನಡೆಯುವುದು ನಮ್ಮ ಸೂರ್ಯನಿಂದ ಎಷ್ಟೋ ಸೂರ್ಯಗಳ ಆಚೆ. ಬಿಳಿಚಂದ್ರ ಎಂಬ ಕಲ್ಲಿನ ಲೋಕ. ಅಲ್ಲಿನ ಜನ ಆಕಾಶದಲ್ಲಿ ತೇಲುವ ಬಂಡೆಗಳನ್ನು ಕೊರೆದು ಹಡಗು ಮಾಡುತ್ತಾರೆ. ಬಂಡೆಯ ಒಳಗೆ ಕಣ್ಣಿಗೆ ಕಾಣದ ಸೀಳು ಇದ್ದರೆ ಹಡಗು ನಡುದಾರಿಯಲ್ಲಿ ಒಡೆಯುತ್ತದೆ, ಹತ್ತಿದವರೆಲ್ಲ ಹೋದರು. ಪೀರಾ ಎಂಬ ಹುಡುಗಿ ಸಣ್ಣ ಸುತ್ತಿಗೆಯಿಂದ ಬಂಡೆಯನ್ನು ಬಡಿದು ಕಿವಿಗೊಟ್ಟರೆ ಸಾಕು, ಕಲ್ಲು ಅವಳೊಂದಿಗೆ ಮಾತಾಡುತ್ತದೆ. ಸೀಳು ಎಲ್ಲಿದೆ, ಒಳಗೆ ಯಾರು ಜೀವಂತ ಸಿಕ್ಕಿಬಿದ್ದಿದ್ದಾರೆ, ಸಾವಿರ ವರ್ಷದ ಹಿಂದೆ ಅದರ ಮೇಲೆ ಯಾರು ನಡೆದು ಹೋದರು, ಎಲ್ಲ ಹೇಳುತ್ತದೆ. ಆ ಶಕ್ತಿ ಅವಳಿಗೆ ಬಂದದ್ದು ಅವಳ ಆಯಿಯಿಂದ. ಅದನ್ನು ಕಿತ್ತುಕೊಳ್ಳಲು ಆದಿತ್ಯಪೀಠದ ಚಕ್ರವರ್ತಿ ಏಳು ಲೋಕಗಳಲ್ಲಿ ಅವಳ ಬೆನ್ನು ಹತ್ತಿರುತ್ತಾನೆ.

ನಗಬೇಡಿ. ಸೇಡಂನ ಒಬ್ಬ ದರ್ಜಿ ಪ್ರತಿ ವಾರ ಮೆಸೇಜ್ ಹಾಕುತ್ತಿದ್ದ, ಪೀರಾ ಸಿಕ್ಕಿಬಿದ್ದ ವಾರ ಅವನಿಗೆ ಮಷೀನಿನ ಮೇಲೆ ಕಾಲೇ ಹೋಗಲಿಲ್ಲವಂತೆ. ಚಿತ್ತಾಪುರದ ಆಸ್ಪತ್ರೆಯ ಒಬ್ಬ ನರ್ಸ್ ತನ್ನ ಮಗಳಿಗೆ ಪೀರಾ ಎಂದೇ ಹೆಸರಿಟ್ಟಳು. ನಮ್ಮ ಬಳಿ ಸ್ಟುಡಿಯೋ ಎಲ್ಲಿಂದ ಬರಬೇಕು? ಶ್ರುತಿಯ ಮನೆಯ ಹಿಂದಿನ ಕೋಣೆಯಲ್ಲಿ ತಲೆಯ ಮೇಲೆ ಎರಡು ಕೌದಿ ಹೊದ್ದುಕೊಂಡು, ಬೆವರು ಸುರಿಸುತ್ತ ರೆಕಾರ್ಡ್ ಮಾಡುತ್ತಿದ್ದೆವು. ಪಕ್ಕದಲ್ಲಿ ಹೋಗುವ ಗೂಡ್ಸ್ ಗಾಡಿಯ ಸದ್ದನ್ನೇ ಚಕ್ರವರ್ತಿಯ ಹಡಗಿಗೆ ಹಾಕಿದ್ದೇವೆ. ನಮ್ಮೂರಿನ ಕಲ್ಲು ಪಾಲಿಶ್ ಮಾಡುವ ಮಷೀನಿನ ಸದ್ದು ಪೀರಾಳ ಹಡಗಿಗೆ. ಸಮುದ್ರದ ಲೋಕವೊಂದು ಬಂದಾಗ ನೀರಿನ ಸದ್ದಿಗಾಗಿ ಬಸ್ಸು ಹತ್ತಿ ಚಿಂಚೋಳಿಗೆ ಹೋಗಿ, ಅಲ್ಲಿಂದ ಆಟೊದಲ್ಲಿ ಚಂದ್ರಂಪಳ್ಳಿಯ ಕೆರೆಯವರೆಗೆ ಹೋಗಿದ್ದೆವು.

ಪೀರಾಳ ಶಕ್ತಿ ನಾನು ಹುಟ್ಟಿಸಿದ್ದಲ್ಲ. ಅದು ನಮ್ಮ ಆಯಿಯದು, ಪೀರಮ್ಮನದು. ಶಹಾಬಾದಿನ ಫರ್ಸಿ ಎಂದರೆ ನಿಮಗೂ ಗೊತ್ತಿರಬೇಕು, ನಿಮ್ಮ ಮನೆಯ ಪಡಸಾಲೆಗೋ ಬಚ್ಚಲಿಗೋ ಹಾಸಿರುವ ಕಲ್ಲು. ದೊಡ್ಡ ಫರ್ಸಿಗಳು ಲಾರಿ ಹತ್ತುವ ಮೊದಲು ಅವುಗಳನ್ನು ಬಡಿದು ನೋಡಬೇಕು. ಗಟ್ಟಿ ಇದ್ದದ್ದು ಠಣ್ ಅನ್ನುತ್ತದೆ, ಒಳಗೆ ಸೀಳಿದ್ದದ್ದು ಥಪ್ ಅನ್ನುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಆ ಎರಡರ ನಡುವೆ ನೂರು ಸದ್ದುಗಳಿವೆ, ಅವೆಲ್ಲ ಆಯಿಯ ಕಿವಿಯಲ್ಲಿವೆ. ಎಪ್ಪತ್ತು ದಾಟಿದ ಮೇಲೂ ಅವಳನ್ನು ಪಾಲಿಶ್ ಅಂಗಳದವರು ಬಿಟ್ಟಿಲ್ಲ. ಬೇವಿನ ಗಿಡದ ಕೆಳಗೆ ಕುಳಿತಿರುತ್ತಾಳೆ, ಫರ್ಸಿ ಬಂದಾಗ ಎದ್ದು ಬಡಿಯುತ್ತಾಳೆ. ಅವಳ ಪಕ್ಕದಲ್ಲಿ ಹನ್ನೊಂದು ವರ್ಷದಿಂದ ಕಲ್ಲು ತೊಳೆಯುವ ಅಖ್ತರ ಬೇಗಂ. ನಾನು ಅಂಗಳಕ್ಕೆ ಹೋದಾಗಲೆಲ್ಲ ಆಯಿ ತಾನು ಒಮ್ಮೆ ಬಡಿದು, ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ‘ನೀ ಬಡಿ ಈಗ’ ಅನ್ನುತ್ತಿದ್ದಳು. ಚಿಕ್ಕಂದಿನಿಂದ ಅದೇ ರೂಢಿ.

ಆ ಸುತ್ತಿಗೆಯ ಮರದ ಕಾವು ಮೂರು ಸಲ ಬದಲಾಗಿದೆ, ಕಬ್ಬಿಣ ಮಾತ್ರ ಅದೇ. ಅದು ಆಯಿಯ ಅವ್ವನದು. ಅವಳ ಹೆಸರು ಮಾಣಿಕಮ್ಮ. ಆಯಿಗೆ ಕಲ್ಲು ಕೇಳುವುದನ್ನು ಕಲಿಸಿದವಳು ಅವಳೇ. ಮಾಣಿಕಮ್ಮನದು ಒಂದು ಫೋಟೊ ಇಲ್ಲ, ಎಲ್ಲೂ ಒಂದು ಹೆಬ್ಬೆಟ್ಟಿನ ಗುರುತೂ ಇಲ್ಲ. ಜೀವನಪೂರ್ತಿ ಕಲ್ಲಿನ ಕೆಲಸ ಮಾಡಿದವಳ ಹೆಸರನ್ನು ಒಂದು ಕಲ್ಲಿನ ಮೇಲೂ ಯಾರೂ ಕೆತ್ತಲಿಲ್ಲ. ಧಾರಾವಾಹಿ ಶುರುವಾದಾಗ ಆಯಿ ನನ್ನನ್ನು ಕೇಳಿದ್ದು ಒಂದೇ ಒಂದು.

“ನನ್ನ ಹೆಸರ ಬಿಡು, ನಂದೇನದ. ನಮ್ಮ ಅವ್ವನ ಹೆಸರ ಎಲ್ಯಾರ ಒಂದು ಕಡಿ ಬರಲಿ ಯವ್ವಾ. ಮಂದಿ ಕಿವಿಗಿ ಬೀಳಲಿ.”

“ಕೊನೀಗಿ ಬರ್ತದ ಆಯಿ. ಪೀರಾಗ ಆ ಶಕ್ತಿ ಎಲ್ಲಿಂದ ಬಂತು ಅಂತ ಕೊನೀ ಕಂತಿನಾಗ ಹೇಳ್ತೀನಿ. ಆವಾಗ ಮಾಣಿಕಮ್ಮ ಅಂತ ಆಕಿ ಹೆಸರೇ ಬರ್ತದ.”

ನೂರೈವತ್ತು ವಾರ ಕಾದಳು ಆಯಿ. ಪ್ರತಿ ಶನಿವಾರ ಊಟದ ಹೊತ್ತಿಗೆ ಅಂಗಳದ ಹೆಂಗಸರೆಲ್ಲ ಬೇಗಂಳ ಫೋನಿನ ಸುತ್ತ ಕುಳಿತು ಪೀರಾಳ ಕಥೆ ಕೇಳುತ್ತಿದ್ದರು. ಮುಗಿದ ಮೇಲೆ ಆಯಿ ಮೆಲ್ಲಗೆ ಕೇಳುತ್ತಿದ್ದಳು, “ಇನ್ನಾ ಎಷ್ಟ ಉಳಿದಾವ?” ನಾನು ಬೆರಳು ಎಣಿಸಿ ಹೇಳುತ್ತಿದ್ದೆ.

ನಾನೂ ಸುಮ್ಮನೆ ಬರೆದವಳಲ್ಲ. ಬೇವಿನ ಗಿಡದ ಕೆಳಗೆ ಆಯಿ ಹೇಳುತ್ತಾ ಹೋಗುವಳು, ನಾನು ಫೋನಿನಲ್ಲಿ ಟಕಟಕ ಟೈಪ್ ಮಾಡಿಕೊಳ್ಳುತ್ತಾ ಹೋಗುವೆನು. ಯಾವ ಕಲ್ಲು ಹೇಗೆ ಕೂಗುತ್ತದೆ, ಮಾಣಿಕಮ್ಮ ಬಿಸಿಲಿನಲ್ಲಿ ಯಾವ ಹಾಡು ಹೇಳುತ್ತಿದ್ದಳು, ಖಣಿಯಲ್ಲಿ ನೀರು ನಿಂತಾಗ ಏನು ಮಾಡುತ್ತಿದ್ದರು, ಏನನ್ನೂ ಬಿಟ್ಟಿಲ್ಲ. ಕಥೆಯಲ್ಲಿ ಇಲ್ಲದ್ದು ಒಂದೇ, ನಮ್ಮ ಅವ್ವ ಭೀಮಬಾಯಿಯ ಕಾಲು. ನಾನು ಮೂರು ವರ್ಷದವಳಿದ್ದಾಗ ಫರ್ಸಿ ಬಿದ್ದು ಅವಳ ಬಲಪಾದ ಜಜ್ಜಿಹೋಯಿತು. ಅಂದಿನಿಂದ ಕುಂಟುತ್ತಾಳೆ. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಕೊನೆಯ ಕಂತಿಗೆ ನನ್ನ ಪ್ರಾಣ ಇಟ್ಟು ಬರೆದೆ. ಹಿಮದ ಲೋಕವೊಂದು ಕರಗುತ್ತಿದೆ, ನಾಲ್ಕು ಸಾವಿರ ಜನ ನಿಂತಿದ್ದಾರೆ, ಉಳಿದಿರುವುದು ಒಂದೇ ಬಂಡೆ. ಅದು ಗಟ್ಟಿ ಇದ್ದರೆ ಎಲ್ಲರೂ ಒಳಗೆ ಹೋಗಿ ಬದುಕುತ್ತಾರೆ, ಸೀಳಿದ್ದರೆ ಎಲ್ಲರೂ ಸಾಯುತ್ತಾರೆ. ಪೀರಾ ಬಡಿಯುತ್ತಾಳೆ, ಕಲ್ಲು ಮಾತಾಡುತ್ತದೆ, ಜನ ಬದುಕುತ್ತಾರೆ. ಆಗ ಚಕ್ರವರ್ತಿ ಮೊಣಕಾಲೂರಿ ಕೇಳುತ್ತಾನೆ, ಈ ಶಕ್ತಿ ನಿನಗೆ ಯಾರು ಕೊಟ್ಟರು ಎಂದು. ಪೀರಾ ಹೇಳುತ್ತಾಳೆ: “ನನ್ನ ಆಯಿ ಕೊಟ್ಟಳು. ನನ್ನ ಆಯಿಗೆ ಅವಳ ಅವ್ವ ಮಾಣಿಕಮ್ಮ ಕೊಟ್ಟಳು. ಅವಳ ಹೆಸರು ಹೇಳಿ ಆಮೇಲೆ ಎದ್ದೇಳು.” ಬರೆದು ಮುಗಿಸಿ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಶ್ರುತಿಯೂ ಅತ್ತಿದ್ದಳು. ಚಂದ್ರಂಪಳ್ಳಿಯಲ್ಲೇ ಅವಳು ಮಾತು ಕೊಟ್ಟಿದ್ದಳು, ನೀರಿನಲ್ಲಿ ಕೈ ಅದ್ದಿ. “ಮಾಣಿಕಮ್ಮನ ಹೆಸರ ನಾ ಹೆಂಗ ಹೇಳ್ತೀನಿ ನೋಡು, ನಿಮ್ಮ ಆಯಿ ರೋಮ ನಿಂದರಬೇಕು.” ಆ್ಯಪ್‌ನ ಖಾತೆ ಅವಳ ಹೆಸರಿನಲ್ಲಿತ್ತು, ಕಂತು ಕಳಿಸುವವಳು ಅವಳು. ನಾನು ಒಂದು ದಿನವೂ ತೆರೆದು ನೋಡಿದವಳಲ್ಲ. ಅವಳ ಮೇಲೆ ಅನುಮಾನ ಪಡುವುದೆಂದರೆ ನನ್ನ ಎಡಗೈ ಮೇಲೆ ನಾನೇ ಅನುಮಾನ ಪಟ್ಟ ಹಾಗೆ ಎಂದುಕೊಂಡಿದ್ದೆ.

ಕಂತು ಬಂದದ್ದು ಶನಿವಾರ ಬೆಳಿಗ್ಗೆ ಏಳಕ್ಕೆ. ಶನಿವಾರ ನಮಗೆ ಬೆಳಗಿನ ಶಾಲೆ. ಗಾಡಿಯಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳತೊಡಗಿದೆ. ಹಿಮದ ಲೋಕ ಬಂತು. ಬಂಡೆ ಬಂತು. ನನ್ನ ಒಂದು ಪದವನ್ನೂ ಅವಳು ಬದಲಿಸಿರಲಿಲ್ಲ, ಮೈ ಜುಮ್ಮೆಂದಿತು. ಚಕ್ರವರ್ತಿ ಬಂದ. ಮೊಣಕಾಲೂರಲಿಲ್ಲ. ನಕ್ಕ. “ಆ ಶಕ್ತಿ ನನ್ನದು, ಮಗಳೇ” ಎಂದ.

ಮೊದಲು ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ. ಹಿಂದಕ್ಕೆ ತಂದು ಮತ್ತೆ ಕೇಳಿದೆ. ಪೀರಾ ಚಕ್ರವರ್ತಿಯ ಮಗಳಂತೆ! ಶಕ್ತಿ ರಾಜರಕ್ತದಿಂದ ಬಂದದ್ದಂತೆ. ಕಲ್ಲು ಒಡೆಯುವ ಮುದುಕಿಯೊಬ್ಬಳು ಅರಮನೆಯ ತೊಟ್ಟಿಲಿನಿಂದ ಕೂಸನ್ನು ಕದ್ದು ತಂದು ತನ್ನ ಮೊಮ್ಮಗಳು ಎಂದು ಸಾಕಿದಳಂತೆ. ಪೀರಾ ಬಿಕ್ಕಿ ಬಿಕ್ಕಿ ಅತ್ತು, “ಆಯಿ, ನೀನು ಕಳ್ಳಿ” ಅನ್ನುತ್ತಾಳೆ. ಶ್ರುತಿ ಎಷ್ಟು ಚೆಂದ ಅತ್ತಿದ್ದಳೆಂದರೆ, ಅವಳ ನಾಲಿಗೆ ಸೇದಿಹೋಗಲಿ ಎಂದು ಗಾಡಿಯಲ್ಲೇ ಬಾಯಿಬಿಟ್ಟು ಬೈದೆ. ಎದುರು ಕುಳಿತಿದ್ದ ಹೆಂಗಸು ತನ್ನ ಚೀಲ ಎಳೆದುಕೊಂಡು ಸರಿದು ಕುಳಿತಳು. ಮಾಣಿಕಮ್ಮನ ಹೆಸರು ಎಲ್ಲೂ ಇರಲಿಲ್ಲ. ಕೊನೆಯ ಸೆಕೆಂಡಿನವರೆಗೂ ಕಾದೆ, ಇರಲಿಲ್ಲ.

ಹೊಟ್ಟೆನೋವು ಎಂದು ಶಾಲೆಗೆ ಮೆಸೇಜ್ ಹಾಕಿ, ವಾಡಿ ಸ್ಟೇಶನ್ನಿನಿಂದ ನೇರ ಅವಳ ಮನೆಗೆ ನಡೆದೆ. ಬಾಗಿಲು ತೆರೆದೇ ಇತ್ತು. ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

“ಬಾ ಒಳಗ. ನೀ ಬರ್ತಿ ಅಂತ ಗೊತ್ತಿತ್ತು.”

“ಮಾಣಿಕಮ್ಮ ಎಲ್ಲಿ?”

“ಮೊದಲ ಕುಂದ್ರು. ಚಹಾ ಇಡ್ತೀನಿ…”

“ನಿನ್ನ ಚಹಾಕ್ಕ ಬೆಂಕಿ ಹಾಕ. ಮಾಣಿಕಮ್ಮ ಎಲ್ಲಿ ಅಂತ ಕೇಳ್ಲಿಕತ್ತೀನಿ.”

ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. “ಆ್ಯಪಿನವರು ಕೇಳಿದ್ರು ರಾಧಿ. ಕೊನೀಗಿ ಒಂದು ದೊಡ್ಡ ತಿರುವು ಬೇಕಂದ್ರು. ಕಲ್ಲು ಒಡಿಯೋರ ಹುಡುಗಿಗಿ ಸುಮ್ಮಸುಮ್ಮನ ಇಷ್ಟು ಶಕ್ತಿ ಬಂತು ಅಂದ್ರ ಕೇಳೋರು ನಂಬಂಗಿಲ್ಲ ಅಂದ್ರು.”

“ನೂರೈವತ್ತು ವಾರ ನಂಬ್ಯಾರಲ್ಲ! ನೂರೈವತ್ತೊಂದನೇ ವಾರಕ್ಕ ನಂಬಂಗಿಲ್ಲೇನು?”

“ನಾ ಬರದಿಲ್ಲ ಅದು. ಅವರೇ ಬರದು ಕಳಸಿದ್ರು. ನಾ ಓದಿನಿ ಅಷ್ಟೇ.”

“ನಂಗ ಯಾಕ ಕೇಳ್ಲಿಲ್ಲ?”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಕೇಳ್ಲಿಲ್ಲ.”

ಎಷ್ಟು ಸರಳವಾಗಿ ಅಂದುಬಿಟ್ಟಳು! ಅವಳೇ ಮುಂದುವರಿಸಿದಳು, ಮುಖ ಕೆಂಪಾಗಿತ್ತು.

“ಮುಂದಿನ ಕಥಿಗಿ ನನ್ನ ಆವಾಜೇ ಬೇಕಂದಾರ. ಇಲ್ಲಾ ಅಂದಿದ್ರ ಬ್ಯಾರೇದಾಕಿನ ತಗೋತಿದ್ರು. ನೀ ಬರದಿ, ಖರೆ. ಆದ್ರ ಪೀರಾ ಅಂದ್ರ ಮಂದಿಗಿ ನೆನಪಾಗೋದು ನನ್ನ ಆವಾಜ, ನಿನ್ನ ಅಕ್ಷರ ಅಲ್ಲ. ಮೂರು ವರ್ಷ ಕೌದಿ ಹೊಚ್ಚಿಕೊಂಡು ನನ್ನ ಗಂಟಲ ಹರಕೊಂಡೀನಿ. ನಂದೂ ಏನರ ಇರಬೇಕಲ್ಲ ಅದರಾಗ.”

“ನಿಂದು ಇರಲಿ. ನಮ್ಮ ಆಯಿನ ಯಾಕ ಕಳ್ಳಿ ಮಾಡಿದಿ? ಆಕಿ ಕೈಲೆ ಉಂಡಾಕಿ ನೀ!”

“ಕಥಿ ಅದು ರಾಧಿ.”

“ಕಥಿ ಅಲ್ಲ, ನಮ್ಮ ಆಯಿ ಮಾತು. ಒಂದೊಂದೂ ಆಕಿ ಬಾಯಾಗಿಂದ ಕೇಳಿ ಬರಕೊಂಡಿದ್ದು.”

“ಹಂಗಂದ್ರ ಬರಕೊಳ್ಳಾಗ ನೀ ಆಕಿಗಿ ಕೇಳಿದ್ದೇನು, ಇದು ಹಾಕಲಿ ಅದು ಬಿಡಲಿ ಅಂತ?”

“ನಮ್ಮ ಆಯಿಗಿ ನಾ ಏನ ಕೇಳೋದದ! ಆಕಿ ನನ್ನಾಕಿ. ನಂಗ ಬಂದದ್ದು ಅದು.”

ಹೊರಗೆ ಗೂಡ್ಸ್ ಗಾಡಿ ಹೋಗತೊಡಗಿತು. ಐವತ್ತು ಡಬ್ಬಿಯ ಗಾಡಿ ಪೂರ್ತಿ ದಾಟುವವರೆಗೆ ಇಬ್ಬರೂ ಮಾತಾಡುವಂತಿರಲಿಲ್ಲ. ಮೂರು ವರ್ಷ ಈ ಸದ್ದು ಬಂದಾಗಲೆಲ್ಲ ಚಕ್ರವರ್ತಿ ಬಂದ ಎಂದು ಕೌದಿಯೊಳಗೆ ಬಿದ್ದು ಬಿದ್ದು ನಕ್ಕಿದ್ದೇವೆ. ಅವಳಿಗೂ ಅದೇ ನೆನಪಾಯಿತು, ತುಟಿ ಅಲುಗಿತು. ನಾನು ಆ ನಗು ಪೂರ್ತಿಯಾಗಲು ಬಿಡಲಿಲ್ಲ. “ನಮ್ಮ ಮನಿ ಹೊಸ್ತಿಲ ತುಳಿಬ್ಯಾಡ ಇನ್ನ” ಎಂದು ಹೇಳಿ ಬಂದುಬಿಟ್ಟೆ.

ಶಹಾಬಾದಿಗೆ ಮರಳುವ ಗಾಡಿಯಲ್ಲಿ ಒಂದೇ ಯೋಚನೆ, ಆಯಿಗೆ ಏನು ಹೇಳಲಿ? ಕೇಳಿಸಬಾರದು ಎಂದುಕೊಂಡೆ ಮೊದಲು. ಆಮೇಲೆ, ಕೇಳಿಸಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ಆಯಿಯೂ ನನ್ನ ಜೊತೆ ಉರಿಯಲಿ ಎಂಬ ಆಸೆ ನನಗೆ. ಒಬ್ಬಳೇ ಉರಿದು ಸಾಕಾಗಿತ್ತು. ಆಯಿ ಒಮ್ಮೆ ಶ್ರುತಿಯ ಹೆಸರು ಹಿಡಿದು ಶಾಪ ಹಾಕಿದರೆ ನನ್ನ ಎದೆ ತಣ್ಣಗಾಗುತ್ತದೆ ಎಂದುಕೊಂಡು ನೇರ ಅಂಗಳಕ್ಕೆ ಹೋದೆ.

ಊಟದ ಹೊತ್ತು, ಮಷೀನು ನಿಂತಿದ್ದವು. ಬೇವಿನ ಗಿಡದ ಕೆಳಗೆ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಅವ್ವನೂ ಇದ್ದಳು, ಆಯಿಗೆ ಬುತ್ತಿ ತರುವುದು ಅವಳೇ. ಬೇಗಂ ಫೋನನ್ನು ಕಲ್ಲಿಗೆ ಒರಗಿಸಿ ಇಟ್ಟಿದ್ದಳು. ನಾನು ಬರುವವರೆಗೆ ಹಾಕಬೇಡ ಎಂದು ಆಯಿ ತಡೆದಿದ್ದಳಂತೆ.

“ಬಾ ಬಾ, ಬೇಟಿ,” ಅಂದಳು ಬೇಗಂ. “ನಿನ ಸಲುವಾಗಿ ಕಾಯ್ಲಿಕತ್ತೀವಿ. ಆಯಿ ಬೆಳಗ್ಗಿಂದ ನಾಕ ಸಲ ಕೇಳ್ಯಾಳ.”

ಆಯಿ ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಅಂಗಳದ ಧೂಳಿಗೆ, ಹೊಸ ಸೀರೆ! ಅವಳ ಅವ್ವನ ಹೆಸರು ಬರುವ ದಿನ ಅಲ್ಲವೇ.

“ಆಯಿ, ಶ್ರುತಿ ಮೋಸ ಮಾಡ್ಯಾಳ. ಮಾಣಿಕಮ್ಮನ ಹೆಸರ ತೆಗದಾಳ. ನೀ ಕಳ್ಳಿ ಅಂತ ಮಾಡ್ಯಾಳ. ಕೇಳು, ನೀನೇ ಕೇಳು.”

ಆಯಿ ಫೋನಿನ ಹತ್ತಿರ ಸರಿದು ಕುಳಿತಳು. “ಹಾಕು ನೋಡಮ್ಮಿ” ಎಂದಳು ಬೇಗಂಗೆ.

ಹಿಮದ ಲೋಕ ಬಂತು. ನೀರು ಸುರಿಯುವ ಸದ್ದು, ನಾವು ಚಂದ್ರಂಪಳ್ಳಿಯಲ್ಲಿ ಹಿಡಿದದ್ದು. ಜನರ ಕೂಗು. ಬಂಡೆಯ ಮೈಮೇಲೆ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು, ಬಿರುಕಿದ್ದರೂ ಕಣ್ಣಿಗೆ ಕಾಣುವಂತಿರಲಿಲ್ಲ ಎಂದು ಶ್ರುತಿ ಉಸಿರು ಬಿಗಿಹಿಡಿದು ಓದುತ್ತಿದ್ದಳು. ಪೀರಾ ಸುತ್ತಿಗೆ ಎತ್ತಿದಳು. ಠಣ್! ಕಲ್ಲು ಮಾತಾಡಿತು: ‘ಬನ್ನಿ, ನಾನು ಗಟ್ಟಿಯಾಗಿದ್ದೇನೆ.’ ನಾಲ್ಕು ಸಾವಿರ ಜನ ಒಳಗೆ ನುಗ್ಗಿದರು. ಹೆಂಗಸರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ಬೇಗಂ ತಟ್ಟಲಿಲ್ಲ, ಆಯಿಯ ಕಡೆ ತಿರುಗಿದಳು. ಅದನ್ನು ನಾನು ನೋಡಿದೆ, ಆದರೆ ಆಗ ಅರ್ಥವಾಗಲಿಲ್ಲ.

ಆಮೇಲೆ ಚಕ್ರವರ್ತಿ ಬಂದ, ರಾಜರಕ್ತ ಬಂತು, ಕಳ್ಳಿ ಬಂದಳು. “ಯಾ ಅಲ್ಲಾ, ಆಯಿಗಿ ಚೋರ್ ಮಾಡಿಬಿಟ್ರಲ್ಲ!” ಎಂದು ಬೇಗಂ ಎದೆ ಹಿಡಿದುಕೊಂಡಳು. ಕಥೆ ಮುಗಿಯಿತು. ಎಲ್ಲರೂ ಆಯಿಯ ಮುಖ ನೋಡಿದರು. ನಾನು ಶಾಪಕ್ಕೆ ಕಾದು ಕುಳಿತೆ.

“ಅದು ಹಿಂದಿಂದು ಮತ್ತೊಮ್ಮಿ ಹಾಕು,” ಅಂದಳು ಆಯಿ. “ಹುಡುಗಿ ಕಲ್ಲ ಬಡೀತಾಳಲ್ಲ, ಅಷ್ಟೇ.”

ಹಾಕಿದೆವು. ಠಣ್. ‘ಬನ್ನಿ, ನಾನು ಗಟ್ಟಿಯಾಗಿದ್ದೇನೆ.’

“ತೊಯ್ದದ ಅಲ್ಲೇನು ಕಲ್ಲು?”

“ಹೌದು ಆಯಿ, ಹಿಮ ಕರಗಿ ನೀರು ಸುರೀತದ. ಅದು ಬಿಡು, ಆಮ್ಯಾಲ ಚಕ್ರವರ್ತಿ…”

“ಒರಸಲಿಲ್ಲ. ಒಣಗಸಲಿಲ್ಲ. ತೊಯ್ದದ್ದೇ ಬಡದು ಮಂದಿನ ಒಳಗ ಕಳಸಿದಳು.” ಅವಳ ದನಿ ಏರಿರಲಿಲ್ಲ. “ಇದೂ ಶ್ರುತಿ ಬರದದ್ದೇನು?”

ಹ್ಞೂಂ ಅಂದುಬಿಡಬಹುದಿತ್ತು. ಅಷ್ಟೆಲ್ಲ ಮಾಡಿದವಳ ತಲೆಗೆ ಇದೊಂದನ್ನೂ ಕಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಬಾಯಿಗೆ ಬಂದಿತ್ತು ಕೂಡ.

“ಇಲ್ಲ ಆಯಿ. ಅದು ನಂದು.”

ಆಯಿ ತಟ್ಟೆ ಪಕ್ಕಕ್ಕೆ ಸರಿಸಿದಳು. ಅವ್ವ ಬುತ್ತಿಯ ಬಟ್ಟೆ ಗಂಟು ಕಟ್ಟುತ್ತಿದ್ದವಳು ಕೈ ನಿಲ್ಲಿಸಿ, “ಬಿಡಬೇ, ಈಗ್ಯಾಕ ಅದು” ಎಂದಳು.

“ನಿಂಗ ಹೇಳಿದ್ದೆ ನಾ,” ಎಂದಳು ಆಯಿ ನನಗೆ. “ಇಲ್ಲೇ, ಇದೇ ಗಿಡದ ಕೆಳಗ. ಒಂದೇ ಸಲ ಹೇಳಿದ್ದೆ. ಹೊರಗಿನ ಮಂದಿ ಯಾರ ಮುಂದೂ ನಾ ಬಾಯಿ ಬಿಟ್ಟಿಲ್ಲ ಅದು. ಸೀಳಿನಾಗ ನೀರು ತುಂಬಿತ್ತಂದ್ರ ಕಲ್ಲು ಗಟ್ಟಿ ಇದ್ದಂಗೇ ಕೂಗ್ತದ. ಸುಳ್ಳ ಹೇಳ್ತದ. ನಮ್ಮ ಅವ್ವ ಬಡದು ಬಡದು ಕಲಿಸಿದ್ದಳು, ತೊಯ್ದ ಕಲ್ಲಿಗಿ ಸುತ್ತಿಗಿ ಮುಟ್ಟಸಬ್ಯಾಡ, ಒಣಗಲಿ, ಕಾಯಿ ಅಂತ. ಅವತ್ತ ಮಳಿ ಇತ್ತು. ಕೆಲಸ ಮಾಡಸೋ ಮುಕಾದಮ, ಲಾರಿ ನಿಂತದ, ಜಲ್ದಿ ಅಂತ ಗಡಬಡಿ ಹಚ್ಚಿದ್ದ. ನಾ ಕಾಯಲಿಲ್ಲ. ಬಡದೆ. ಗಟ್ಟಿ ಅದ, ಎತ್ರಿ ಅಂದೆ. ಆ ಕಡಿ ತುದಿ ಹಿಡದಾಕಿ ನಿಮ್ಮವ್ವ.”

ಅವ್ವನ ಬಲಪಾದ ಸೆರಗಿನ ಕೆಳಗೆ ಇತ್ತು. ನಾನು ನೋಡಲಾರದೆ ನೆಲ ನೋಡಿದೆ.

“ಇಪ್ಪತ್ತನಾಕ ವರ್ಷ ಆಯ್ತು. ಒಂದು ದಿನಾನೂ ಅದು ನನ್ನ ಕಿವ್ಯಾಗಿಂದ ಹೋಗಿಲ್ಲ, ಆ ಠಣ್ ಅಂದದ್ದು. ಅದಕ್ಕ ನೀ ಚಪ್ಪಾಳಿ ಹೊಡಸಿದಿ.”

“ಆಯಿ, ನಂಗ… ನಾ ಕೇಳಿಸ್ಕೊಂಡಿದ್ದಿಲ್ಲ…”

“ಹ್ಞೂಂ ಆಯಿ, ಹ್ಞೂಂ ಆಯಿ ಅಂತಿದ್ದಿ. ಕೇಳ್ಲಿಕತ್ತಾಳ ಅನಕೊಂಡಿದ್ದೆ ನಾ.”

“ಮಾಣಿಕಮ್ಮನ ಹೆಸರ ನಾ ಮತ್ತ ಹಾಕಸ್ತೀನಿ ಆಯಿ. ಬ್ಯಾರೇ ಕಡಿ ಬರೀತೀನಿ, ಶ್ರುತಿ ತೆಗದದ್ದು…”

“ತೆಗದದ್ದು ಛಲೋ ಆಯ್ತು,” ಎಂದಳು ಆಯಿ. “ಕಳ್ಳಿ ಅಂದ್ರ ಅನ್ನಲಿ, ಅದು ಕಥಿ. ತೊಯ್ದ ಕಲ್ಲು ಬಡದು ಮಂದಿ ಉಳದ್ರು ಅನ್ನೋದರ ಬಾಜೂಕ ನಮ್ಮ ಅವ್ವನ ಹೆಸರ ಬ್ಯಾಡ.”

ನಾನು ಫೋನು ತೆಗೆದು ಹಳೆಯ ಟಿಪ್ಪಣಿಗಳನ್ನು ಹುಡುಕಿದ್ದು ಯಾಕೆಂದು ಈಗಲೂ ಗೊತ್ತಿಲ್ಲ, ಆಯಿ ಸುಳ್ಳು ಹೇಳುತ್ತಿರಲಿ ಎಂದು ಬಯಸಿದ್ದೆನೋ ಏನೋ. ಎರಡು ವರ್ಷದ ಹಿಂದಿನ ತಾರೀಖಿನಲ್ಲಿ ಸಿಕ್ಕಿತು. ನನ್ನದೇ ಬೆರಳಿನಿಂದ ಟೈಪ್ ಮಾಡಿದ್ದು: ‘ಮಳೆ. ತೊಯ್ದ ಕಲ್ಲು. ಆಯಿ ಬಡಿಯುತ್ತಾಳೆ. ಠಣ್!! ಮಸ್ತ್ ಸೀನ್, ಕ್ಲೈಮ್ಯಾಕ್ಸಿಗೆ ಇಡು.’ ಅದರ ಕೆಳಗೆ ಏನೂ ಇರಲಿಲ್ಲ. ಆಯಿ ಮುಂದೆ ಹೇಳುತ್ತಿದ್ದಾಗ ನಾನು ಅಷ್ಟರಲ್ಲೇ ಪೀರಾಳ ಆಕಾಶಕ್ಕೆ ಹೋಗಿಬಿಟ್ಟಿದ್ದೆ. ತನ್ನ ಮಗಳ ಕಾಲು ಹೋದದ್ದು ತನ್ನ ಕೈಯಿಂದ ಎಂದು ಮುದುಕಿ ಎದೆ ಬಿಚ್ಚಿ ಹೇಳುತ್ತಿದ್ದಳು. ನಾನು ಹ್ಞೂಂ ಆಯಿ ಅನ್ನುತ್ತಿದ್ದೆ.

ಮಷೀನು ಮತ್ತೆ ಶುರುವಾದವು. ನಾಲ್ಕು ಜನ ಸೇರಿ ಪಾಲಿಶ್ ಆದ ಒಂದು ದೊಡ್ಡ ಫರ್ಸಿಯನ್ನು ಎತ್ತಿ ತಂದು ನಮ್ಮ ಮುಂದೆ ಕಟ್ಟೆಗೆ ಒರಗಿಸಿದರು. ನೀರು ತೊಟ್ಟಿಕ್ಕುತ್ತಿತ್ತು. ಆಯಿ ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಎದ್ದಳು, ಚೀಲದಿಂದ ಮಾಣಿಕಮ್ಮನ ಸುತ್ತಿಗೆ ತೆಗೆದಳು. ನಾನೂ ಎದ್ದೆ. ಇಪ್ಪತ್ತು ವರ್ಷದ ರೂಢಿ, ಕೈ ತಾನಾಗಿ ಚಾಚಿತು.

ಆಯಿ ನನ್ನ ಕೈಯನ್ನು ನೋಡಿದಳು. ಆಮೇಲೆ ನನ್ನನ್ನು ದಾಟಿ ಹೋಗಿ ಸುತ್ತಿಗೆಯನ್ನು ಬೇಗಂ ಮುಂದೆ ಹಿಡಿದಳು. “ನೀ ಬಡಿ.”

“ನಾ? ನಾ ಎಲ್ಲಿ ಆಯಿ, ಬೇಟಿ ಇದ್ದಾಳಲ್ಲ…” ಬೇಗಂ ನನ್ನ ಕಡೆ ನೋಡಿದಳು. ಆಯಿ ಕೈ ಹಿಂದಕ್ಕೆ ತೆಗೆಯಲಿಲ್ಲ. ಬೇಗಂ ತನ್ನ ಒದ್ದೆ ಕೈಯನ್ನು ಲಂಗಕ್ಕೆ ಎರಡು ಸಲ ಒರೆಸಿ ಸುತ್ತಿಗೆ ತೆಗೆದುಕೊಂಡಳು. ಬಡಿಯಲಿಲ್ಲ. ಇನ್ನೊಂದು ಅಂಗೈಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟು ಸ್ವಲ್ಪ ಹೊತ್ತು ನಿಂತಳು.

“ಇನ್ನಾ ಹಸಿ ಅದಲ್ಲ ಆಯಿ,” ಅಂದಳು. “ಒಣಗಲಿ ಜರಾ.”

“ಒಣಗಲಿ” ಎಂದಳು ಆಯಿ.

ನನ್ನ ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ತೆಗೆದು ನೋಡಿದೆ, ಶ್ರುತಿ. ಹೊಡೆದುಕೊಂಡು ಹೊಡೆದುಕೊಂಡು ತಾನೇ ನಿಂತಿತು. ಆಯಿ, ಅವ್ವ, ಬೇಗಂ ಮೂವರೂ ಗಿಡದ ನೆರಳಿಗೆ ಸರಿದು, ಫರ್ಸಿ ಒಣಗುವುದನ್ನು ಕಾಯುತ್ತಾ ಕುಳಿತರು. ಕುಂದ್ರು ಅಂತ ನನಗೆ ಯಾರೂ ಹೇಳಲಿಲ್ಲ.